ಮುತ್ತಜ್ಜನ ಬಗ್ಗೆ ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತಾರೆ. ಒಂದು ಕರಡು ಬರೆದಿದ್ದೇನೆ. ಎಲ್ಲ ಸೇರಿಸಿ ಸರಿಯಾದ ಒಂದು ಕಥೆ ಬರೆಯೋದು ಹೇಗೆ?

ಬರೆಯಬೇಡಿ. ನಾನು ಬರೆದು ಕೆಟ್ಟೆ.

ನಮ್ಮ ಮುತ್ತಜ್ಜ ರೈತ, ಮಹಾ ಹಟಮಾರಿ. ಹೆಂಡತಿ ಜೊತೆ ಜಗಳವಾಡಿ ಮಾತು ಬಿಟ್ಟನಂತೆ. ಆದರೆ ಮನೆ ನಡೀಬೇಕಲ್ಲ? ಎತ್ತಿನ ಮುಂದೆ ನಿಂತು, "ಎತ್ತಪ್ಪಾ, ನನಗೆ ಹಸಿವಾಗಿದೆ ಅಂತ ಅವಳಿಗೆ ಹೇಳು" ಅನ್ನುತ್ತಿದ್ದನಂತೆ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಜಗಳ ಯಾಕೆ ಅನ್ನೋದರಲ್ಲೇ ತಕರಾರು. ಹಸು ಮಾರಿದ್ದಕ್ಕೆ ಅಂತ ಚಿಕ್ಕಪ್ಪ, ಯಾರದೋ ಸಾಲಕ್ಕೆ ಜಾಮೀನು ನಿಂತಿದ್ದಕ್ಕೆ ಅಂತ ಅತ್ತೆ. ದೊಡ್ಡಮ್ಮನ ಕಥೆಯಲ್ಲಿ ಮಾತ್ರ ಮುತ್ತಜ್ಜಿಯೂ ಎತ್ತಿಗೇ ಉತ್ತರ ಕೊಡುತ್ತಿದ್ದಳು: "ಎತ್ತಪ್ಪಾ, ಸೌದೆ ಒಡೆದರೆ ಒಲೆ ಹತ್ತುತ್ತೆ ಅಂತ ನಿನ್ನ ಯಜಮಾನನಿಗೆ ಹೇಳು."

ನಾನು ಎಲ್ಲವನ್ನೂ ಜೋಡಿಸಿ ನೀಟಾಗಿ ಒಂದು ಕಥೆ ಮಾಡಿದೆ. ಇಬ್ಬರು ಹೇಳಿದ್ದನ್ನು ಇಟ್ಟುಕೊಂಡೆ, ಒಬ್ಬರೇ ಹೇಳಿದ್ದನ್ನು ಬಿಟ್ಟೆ. ಸಾಕ್ಷಿ ಜಾಸ್ತಿ ಇದ್ದದ್ದೇ ನಿಜ ಅನ್ನೋದು ನನ್ನ ಲೆಕ್ಕ. ಹಾಗಾಗಿ ಮುತ್ತಜ್ಜಿಯ ಬಾಯಿ ಕಟ್ಟಿತು. ಪುಸ್ತಕ ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಿದೆ. ಯಾರು ಏನು ಹೇಳಿದರು ಅಂತ ಗೀಚಿಕೊಂಡಿದ್ದ ಹಾಳೆಗಳನ್ನು, ಇನ್ನೇಕೆ ಅಂತ, ಎಸೆದೆ. ಆಮೇಲೊಂದು ದಿನ ಚಿಕ್ಕಪ್ಪ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಕೇಳಿದರೆ ನನ್ನದೇ ವಾಕ್ಯಗಳು! "ನಮ್ಮಪ್ಪ ಹೀಗೇ ಹೇಳ್ತಿದ್ರು" ಅಂತ ಬೇರೆ. ದೊಡ್ಡಮ್ಮನನ್ನು ಮುತ್ತಜ್ಜಿಯ ಉಳಿದ ಮಾತುಗಳೇನು ಅಂತ ಕೇಳಿದೆ. "ಪುಸ್ತಕದಲ್ಲಿ ಇಲ್ವಲ್ಲ, ನಾನೇ ಸುಮ್ನೆ ಸೇರಿಸಿದ್ನೇನೋ" ಅಂದರು. ಎಷ್ಟು ಕೆದಕಿದರೂ ಅಷ್ಟೇ. ಆ ಸೌದೆಯ ಮಾತೊಂದೇ ಈಗ ನನ್ನ ಹತ್ತಿರ ಉಳಿದಿರೋದು.

ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಾಣುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆ ಓದಿಸಿ, ನೆನಪಿನಿಂದ ಮತ್ತೆ ಮತ್ತೆ ಬರೆಸಿದರು. ಬರೆಯುತ್ತಾ ಬರೆಯುತ್ತಾ ವಿಚಿತ್ರ ಅನ್ನಿಸಿದ್ದೆಲ್ಲ ಉದುರಿ, ತಮಗೆ ಗೊತ್ತಿರೋ ಲೋಕಕ್ಕೆ ಕಥೆ ಒಗ್ಗಿಕೊಂಡಿತು. ವಿಚಿತ್ರ ಉದುರಿದ ಮೇಲೆ ಇಂಥ ಮುತ್ತಜ್ಜಂದಿರಲ್ಲಿ ಇನ್ನೇನು ಉಳಿಯುತ್ತೆ ಹೇಳಿ?

ಯಾರೋ "ಬಾಗಿಲು ನೋಡ್ಕೋ" ಅಂದಿದ್ದಕ್ಕೆ ನಿಮ್ಮ ಮುತ್ತಜ್ಜ ಬಾಗಿಲನ್ನೇ ಕಿತ್ತು ಹೊಲಕ್ಕೆ ಹೊತ್ತುಕೊಂಡು ಹೋದ ಅಂತ ಬರೆದಿದ್ದೀರಿ. ಬೇಜಾರು ಮಾಡ್ಕೋಬೇಡಿ, ಅದನ್ನು ಮುಲ್ಲಾ ನಸ್ರುದ್ದೀನನ ಮೇಲೂ ಹೇಳುತ್ತಾರೆ. ಗ್ರಿಮ್ ಸಹೋದರರ ಜರ್ಮನ್ ಸಂಗ್ರಹದಲ್ಲಿ ಬಾಗಿಲು ಹೊತ್ತವಳು ಕ್ಯಾಥರೀನ್ ಅನ್ನೋ ಹೆಂಗಸು. ಹಾಗಂತ ಕಿತ್ತುಹಾಕಬೇಡಿ. ಊರೂರು ಸುತ್ತುವ ಕಥೆ ನಿಮ್ಮ ಮುತ್ತಜ್ಜನ ಅಣ್ಣತಮ್ಮಂದಿರನ್ನು ಬಿಟ್ಟು ಅವರ ಮೇಲೇ ಬಂದು ಯಾಕೆ ಕೂತಿತು? ನನಗಾದರೆ ಅದು ನಿಜವೋ ಸುಳ್ಳೋ ಅನ್ನೋದಕ್ಕಿಂತ ಒಳ್ಳೆ ಪ್ರಶ್ನೆ.

ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ, ಗಟ್ಟಿ ದನಿಯವರ ಕಥೆಯೇ ಗೆಲ್ಲುತ್ತೆ. ಒಬ್ಬೊಬ್ಬರನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾರು, ಯಾವಾಗ, ಯಾರಿಂದ ಕೇಳಿದ್ದು ಅಂತ ಬರೆದಿಟ್ಟು ಎಲ್ಲ ಕಥೆಗಳನ್ನೂ ಬೇರೆ ಬೇರೆಯಾಗಿಯೇ ಅಚ್ಚು ಹಾಕಿಸಿ. ಒಂದಕ್ಕೊಂದು ಹೊಂದದಿದ್ದರೆ ಹೊಂದದೇ ಇರಲಿ. ಮನೆಯವರು "ಅವರದು ಬರೀ ಬುರುಡೆ" ಅಂತ ತಳ್ಳಿಹಾಕುವ ಒಬ್ಬರು ಇದ್ದೇ ಇರುತ್ತಾರೆ. ಮೊದಲು ಅವರ ಹತ್ತಿರ ಹೋಗಿ. ಹೋಗುವಾಗ ನೀವು ಈಗಾಗಲೇ ಬರೆದಿರೋ ಕರಡನ್ನು ಮನೆಯಲ್ಲೇ ಬಿಟ್ಟು ಹೋಗಿ.