ಚಿಟ್ಟೆಗಳಿಗಾಗಿ ಈಶ್ವರಿ ಬಳ್ಳಿ

ಪ್ರಶ್ನೆ: ನಮ್ಮ ಹೂಗಿಡಗಳಿಗೆ ಚಿಟ್ಟೆಗಳು ಬಂದು ಹೋಗುತ್ತವೆ, ಆದರೆ ಮೊಟ್ಟೆಯಿಡುವುದಿಲ್ಲ. ಯಾವ ಬಳ್ಳಿ ನೆಡಬೇಕು? (ಓದುಗರು, ಶಿರಸಿ)

ಉತ್ತರ: ಮಕರಂದ ಬೆಳೆದ ಚಿಟ್ಟೆಯ ಆಹಾರ; ಮರಿಹುಳುವಿಗೆ ಬೇಕಾದದ್ದು ನಿರ್ದಿಷ್ಟ ಗಿಡದ ಎಲೆ. ತಾಯಿ ಚಿಟ್ಟೆ ಆ ಎಲೆಯನ್ನು ಕಾಲಿನಿಂದ ಮುಟ್ಟಿ ಗುರುತಿಸಿದ ಮೇಲಷ್ಟೇ ಮೊಟ್ಟೆಯಿಡುತ್ತದೆ. ನಿಮ್ಮ ಮಲೆನಾಡಿಗೆ ಈಶ್ವರಿ ಬಳ್ಳಿಯೇ ನನ್ನ ಮೊದಲ ಆಯ್ಕೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್, ಜೊತೆಗೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳ ಮರಿಗಳು ಇದನ್ನು ತಿಂದು ಬೆಳೆಯುತ್ತವೆ. ಎಲೆಯ ವಿಷ ಅವುಗಳ ಮೈಯಲ್ಲೇ ಉಳಿದು, ಮುಂದೆ ರೆಕ್ಕೆ ಬಂದ ಮೇಲೂ ಹಕ್ಕಿಗಳಿಂದ ಕಾಪಾಡುತ್ತದೆ. ಅದೇ ವಿಷ ಮನುಷ್ಯರ ಮೂತ್ರಪಿಂಡಕ್ಕೆ ಹಾನಿಕರವಾದ್ದರಿಂದ ದಯವಿಟ್ಟು ಮನೆಮದ್ದಾಗಿ ಬಳಸಬೇಡಿ. ಹಸಿದ ಹುಳುಗಳು ಒಂದು ಬಳ್ಳಿಯನ್ನು ಬೇಗನೆ ಬೋಳು ಮಾಡುವುದರಿಂದ ಮೂರು ನಾಲ್ಕನ್ನು ನೆಟ್ಟು ಬೇಲಿಗೆ ಹಬ್ಬಿಸಿ. ಮರಿಹುಳುಗಳು ಸಾಯುವುದರಿಂದ ಯಾವ ಕೀಟನಾಶಕವನ್ನೂ, ಬೇವಿನೆಣ್ಣೆಯನ್ನೂ ಸಿಂಪಡಿಸಬೇಡಿ.