ನೂರು ವರ್ಷ ನಿಂತ ಏರಿ ಇನ್ನೂ ನಿಲ್ಲಲ್ವಾ?

ಹಳೆಯ ಸಣ್ಣ ಅಣೆಕಟ್ಟುಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಮಾತು ಬೇರೆ ಬೇರೆ ಇರುತ್ತದೆ, ಅಷ್ಟೇ. ಒಂದೆರಡು ಸಾಲಿನಲ್ಲಿ ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೆ ಕೊಡುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ನಾವು ದೋಣಿ ನಡೆಸುವ ಕೆರೆಯ ಮಣ್ಣಿನ ಏರಿಗೆ ನೂರ ಇಪ್ಪತ್ತು ವರ್ಷ ದಾಟಿದೆ. ಒಮ್ಮೆಯೂ ಒಡೆದಿಲ್ಲ. ಈಗ ಪರಿಶೀಲನೆಗೆ ಬಂದ ಎಂಜಿನಿಯರ್, ನೀರು ನಾಲ್ಕು ಅಡಿ ಇಳಿಸಿ, ಏರಿ ಮೇಲಿನ ಮರ ತೆಗೆಸಿ, ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿ ಅಗಲ ಮಾಡಿ ಎಂದಿದ್ದಾರೆ. ಇಷ್ಟು ವರ್ಷ ನಿಂತದ್ದು ಇನ್ನೂ ನಿಲ್ಲಲ್ವಾ? ಸುಮ್ನೆ ಹೆದರಿಸುತ್ತಿದ್ದಾರಾ?

ಇಲ್ಲ. ಅವರು ಹೇಳಿದಂತೆ ಮಾಡಿ. ಮೊದಲು ನೀರು ನಿಧಾನಕ್ಕೆ ಇಳಿಸಲು ಶುರುಮಾಡಿ, ಮಿಕ್ಕದ್ದನ್ನು ಆಮೇಲೆ ಓದಿ.

ನೂರ ಇಪ್ಪತ್ತು ವರ್ಷ ನಿಂತಿದೆ ಎಂದರೆ ಅರ್ಥ ಒಂದೇ. ಈವರೆಗೆ ಬಂದ ಮಳೆಯನ್ನು ಅದು ತಡೆದುಕೊಂಡಿದೆ. ಮುಂದೆ ಬರುವ ಮಳೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಮೇಲಾಗಿ, ಅಂದು ಕಟ್ಟಿದ ಏರಿ ಇವತ್ತು ಹಾಗೇ ಇಲ್ಲ. ಕೆರೆಯ ನೀರು ಹೊರಬಿಡುವ ತೂಬಿನ ಕೊಳವೆ ತುಕ್ಕು ಹಿಡಿದಿರುತ್ತದೆ. ಹೆಗ್ಗಣ ಬಿಲ ತೋಡಿರುತ್ತದೆ. ಜನ ಓಡಾಡುವ ಕಡೆ ಏರಿಯ ನೆತ್ತಿ ಸವೆದು ತಗ್ಗಾಗಿರುತ್ತದೆ. ನೀರು ಉಕ್ಕಿ ಏರಿ ಮೇಲೆ ಹರಿದರೆ ಮೊದಲು ಕೊರೆಯುವುದು ಆ ತಗ್ಗನ್ನೇ.

ಕೆರೆ ಹೊಲಕ್ಕೋ ಗಿರಣಿಗೋ ನೀರು ಕೊಡುತ್ತಿದ್ದಾಗ ದಿನಾ ಒಬ್ಬ ನೀರಗಂಟಿ ಏರಿ ಮೇಲೆ ನಡೆಯುತ್ತಿದ್ದ. ತೂಬು ತಿರುಗಿಸುತ್ತಿದ್ದ. ಎಲ್ಲಿ ಒದ್ದೆಯಾಗಿದೆ ಎಂದು ಅವನಿಗೆ ಗೊತ್ತಿರುತ್ತಿತ್ತು. ಕೆಲಸ ನಿಂತು ಕೆರೆ ಬರೀ ವಿಹಾರಕ್ಕೆ ಉಳಿದಾಗ ಅವನೂ ಹೋದ. ಈಗ ಎಲ್ಲರೂ ನೀರಿನ ಕಡೆ ಮುಖ ಮಾಡಿ ಕೂರುತ್ತಾರೆ. ಏರಿಯ ಹಿಂಬದಿಗೆ ಯಾರೂ ಇಳಿಯುವುದಿಲ್ಲ. ನನ್ನ ನಿದ್ದೆಗೆಡಿಸುವ ವಿಷಯ ಇದು.

ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಅಣೆಕಟ್ಟು ಇತ್ತು. ಎತ್ತರ ಸುಮಾರು 12 ಮೀಟರ್. 1899ರಲ್ಲಿ ಕಲ್ಲು, ಮರದ ದಿಮ್ಮಿಗಳಿಂದ ಶುರುವಾದದ್ದು. ಆಮೇಲೆ ಅದರ ಮೇಲೇ ಮಣ್ಣು ಹಾಕಿ ಎತ್ತರಿಸುತ್ತಾ ಹೋದರು. ವಿದ್ಯುತ್ ಉತ್ಪಾದನೆ 1957ರಲ್ಲಿ ನಿಂತಿತು. ಅಲ್ಲಿಂದ ಮುಂದೆ ಅದು ವಿಹಾರದ ಕೆರೆ ಮಾತ್ರ. 1977ರ ನವೆಂಬರ್ 6ರಂದು, ಜೋರು ಮಳೆಯ ನಂತರ, ಮಧ್ಯರಾತ್ರಿ ಕಳೆದು ಒಂದೂವರೆಯ ಸುಮಾರಿಗೆ ಒಡೆಯಿತು. ಕೆಳಗೆ ಒಂದು ಕಾಲೇಜು. ಜನ ಮಲಗಿದ್ದರು. 39 ಮಂದಿ ಸತ್ತರು. ತನಿಖೆ ಮಾಡಿದವರಿಗೆ ಒಂದೇ ಕಾರಣ ಇದು ಎಂದು ಬೊಟ್ಟು ಮಾಡಲು ಆಗಲಿಲ್ಲ. ಹಿಂಬದಿಯ ಇಳಿಜಾರು ತೀರಾ ಕಡಿದಾಗಿತ್ತು, ಜಾರಿರಬಹುದು ಎಂದರು. ಸೋರಿಕೆಯ ಮಾತೂ ಬಂತು. ಹಳೆ ಏರಿ ಒಡೆಯುವುದು ಹೆಚ್ಚಾಗಿ ಹೀಗೇ. ನಾಲ್ಕು ಸಣ್ಣ ದೋಷ ಒಂದೇ ರಾತ್ರಿ ಕೂಡಿಬರುತ್ತವೆ.

ಇನ್ನು ಕೋಡಿ. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟನ್ನು ಕಟ್ಟಿದ್ದು ಕಾಲುವೆಗೆ ನೀರು ಕೊಡಲು. ಮುಂದೆ ಅದು ಮೀನು ಹಿಡಿಯುವ, ಬೇಟೆಯಾಡುವ ಶ್ರೀಮಂತರ ಕ್ಲಬ್ಬಿನ ಕೈಗೆ ಬಂತು. ತಳದಲ್ಲಿ ನೀರು ಬಿಡುವ ಕೊಳವೆಗಳನ್ನು ಅಷ್ಟರಲ್ಲಾಗಲೇ ಕಿತ್ತು ಗುಜರಿಗೆ ಮಾರಲಾಗಿತ್ತು. ಕ್ಲಬ್ಬಿನವರು ಅವನ್ನು ಮತ್ತೆ ಹಾಕಿಸಲಿಲ್ಲ. ಕುದುರೆಗಾಡಿ ಓಡಾಡಲೆಂದು ಏರಿಯ ನೆತ್ತಿ ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಕಟ್ಟಿದರು. 1889ರ ಮೇ 31ರಂದು ನೀರು ಏರಿ ಹತ್ತಿ ಹರಿಯಿತು, ಏರಿ ಕೊಚ್ಚಿಹೋಯಿತು. ಕೆಳಗಿನ ಜಾನ್ಸ್‌ಟೌನ್ ಮತ್ತು ಸುತ್ತಮುತ್ತ 2,209 ಜನ ಸತ್ತರು. ಮೀನಿನ ಜಾಲರಿ ಚಿಕ್ಕ ವಿಷಯ ಅನ್ನಿಸುತ್ತದೆ, ಅಲ್ವಾ? ನೆರೆಯಲ್ಲಿ ತೇಲಿಬಂದ ಕಸ ಕಡ್ಡಿ ಅದಕ್ಕೆ ಸಿಕ್ಕಿದರೆ ಕೋಡಿಯೇ ಇಲ್ಲದ ಹಾಗೆ.

ಒಂದು ಲೆಕ್ಕ ಹೇಳುತ್ತೇನೆ. ಕೋಡಿಯ ಅಂಚಿನಿಂದ ಏರಿಯ ನೆತ್ತಿಗೆ ಮೂರು ಅಡಿ ಇದೆ ಅಂದುಕೊಳ್ಳಿ. ದೋಣಿಗೆ ಆಳ ಸಾಲದು ಎಂದು ಕೋಡಿಗೆ ಒಂದಡಿ ಹಲಗೆ ಇಡುತ್ತೀರಿ. ಉಳಿದದ್ದು ಎರಡಡಿ. ಮೂರನೇ ಒಂದು ಭಾಗ ಹೋಯಿತು ಎಂದು ನೀವು ಎಣಿಸುತ್ತೀರಿ. ಆದರೆ ಕೋಡಿ ಮೇಲೆ ಹರಿಯುವ ನೀರು ಆಳಕ್ಕಿಂತ ಬೇಗ ಹೆಚ್ಚುತ್ತದೆ, ಬೇಗ ಕಡಿಮೆಯೂ ಆಗುತ್ತದೆ. ಎರಡಡಿ ಆಳದಲ್ಲಿ ಹೋಗುವುದು ಮೂರಡಿಯಲ್ಲಿ ಹೋಗುವುದರ ಶೇ 54 ಮಾತ್ರ. ಒಂದಡಿ ಹಲಗೆ, ಹೆಚ್ಚುಕಡಿಮೆ ಅರ್ಧ ಕೋಡಿಯನ್ನೇ ಮುಚ್ಚಿತು.

ಮರಗಳ ವಿಷಯಕ್ಕೆ ಎಲ್ಲರಿಗೂ ಸಿಟ್ಟು ಬರುತ್ತದೆ. ಬೇರು ಮಣ್ಣನ್ನು ಹಿಡಿದಿಡುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಬೆಟ್ಟದ ಇಳಿಜಾರಿಗೆ ಅದು ನಿಜ. ಒಂದು ಮಗ್ಗುಲಲ್ಲಿ ಸದಾ ನೀರು ಒತ್ತುವ ಏರಿಗೆ ಅದು ಸಲ್ಲ. ಬೇರು ಸತ್ತು ಕೊಳೆತರೆ ಅದರ ಜಾಗದಲ್ಲಿ ಕೊಳವೆಯಂಥ ಪೊಳ್ಳು ಉಳಿಯುತ್ತದೆ. ನೀರಿಗೆ ಅಷ್ಟು ದಾರಿ ಸಾಕು. ಗಾಳಿಗೆ ಮರ ಬುಡಮೇಲಾದರೆ ಏರಿಯ ಒಂದು ತುಂಡನ್ನೇ ಎತ್ತಿಕೊಂಡು ಹೋಗುತ್ತದೆ. ಹಾಗಂತ ನಾಳೆಯೇ ಗರಗಸ ಹಿಡಿದು ಹೋಗಬೇಡಿ. ದೊಡ್ಡ ಮರವನ್ನು ಬರೀ ಕಡಿದು ಬಿಟ್ಟರೆ ಬೇರು ಒಳಗೇ ಕೊಳೆಯುತ್ತದೆ. ನೀರು ಇಳಿಸಿದ ಮೇಲೆ ಬುಡ ಸಮೇತ ತೆಗೆದು, ಗುಂಡಿಯನ್ನು ಪದರ ಪದರವಾಗಿ ದಮ್ಮಸ್ ಮಾಡಿ ತುಂಬಬೇಕು. ಗೊತ್ತಿರುವ ಎಂಜಿನಿಯರ್ ಎದುರಿಗೆ ನಿಂತು ಮಾಡಿಸಬೇಕಾದ ಕೆಲಸ ಇದು.

ನೀರನ್ನೂ ಒಂದೇ ರಾತ್ರಿ ಇಳಿಸಬೇಡಿ. ನೆನೆದ ಏರಿಯ ಮುಂಬದಿಗೆ ನೀರಿನ ಆಸರೆ ತಟ್ಟನೆ ತಪ್ಪಿದರೆ ಅದು ಕುಸಿಯುತ್ತದೆ. ದಿನಕ್ಕೆ ಒಂದಡಿಗಿಂತ ಜಾಸ್ತಿ ಬೇಡ ಎನ್ನುವುದು ನನ್ನ ರೂಢಿ. ಏರಿ ಆಗಲೇ ಕೈಕೊಡುತ್ತಿದ್ದರೆ ಮಾತು ಬೇರೆ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಒಂದು ಹಳೆ ಏರಿ ನೋಡಲು ಹೋಗಿದ್ದೆ. ಹಿಂಬದಿಯ ಬುಡದಲ್ಲಿ ಸಣ್ಣ ಒರತೆ. ‘ಅದು ನಮ್ಮ ತಾತನ ಕಾಲದಿಂದ ಇದೆ’ ಎಂದರು. ನೀರು ತಿಳಿಯಾಗಿತ್ತು. ಬರೆದುಕೊಂಡು ಬಂದೆ. ದಿನಾ ನೋಡಿ ಎಂದು ಯಾರಿಗೂ ಗಟ್ಟಿಯಾಗಿ ಹೇಳಲಿಲ್ಲ. ಎರಡು ವಾರದ ನಂತರ ದನ ಮೇಯಿಸಲು ಹೋದ ಹುಡುಗನೊಬ್ಬ ನೀರು ಕೆಂಪಗೆ ಬರುತ್ತಿದೆ ಎಂದು ಹೇಳಿದನಂತೆ. ಏರಿಯೊಳಗಿನ ಮಣ್ಣು ನೀರಿನ ಜೊತೆ ಹೊರಗೆ ಬರುತ್ತಿತ್ತು. ನೀರು ಇಳಿಸಲು ತೂಬು ಕೆಲಸ ಮಾಡುತ್ತಿದ್ದುದರಿಂದ ಏರಿ ಉಳಿಯಿತು. ಆ ಹುಡುಗ ಆ ದಿನ ಅತ್ತ ಹೋಗದಿದ್ದರೆ? ಅಂದಿನಿಂದ ನಾನು ಯಾವ ಕೆರೆಗೆ ಹೋದರೂ ನೀರು ನೋಡುವ ಮೊದಲು ಹಿಂಬದಿಗೆ ಇಳಿಯುತ್ತೇನೆ.

ನೀವೂ ಇಳಿಯಿರಿ. ಒರತೆ ಇದ್ದರೆ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು, ಒಂದು ಗಂಟೆ ಇಟ್ಟು, ತಳದಲ್ಲಿ ಮಣ್ಣು ಕೂತಿದೆಯಾ ನೋಡಿ. ಒಂದು ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಎಂದು ಅಳೆದು ಬರೆದಿಡಿ. ತಿಳಿನೀರು, ಅದೇ ಪ್ರಮಾಣ ಎಂದರೆ ಗಮನಿಸುತ್ತಿರಿ. ಕೆರೆಯ ಮಟ್ಟ ಏರದಿದ್ದರೂ ಹರಿವು ಹೆಚ್ಚಿದರೆ, ಅಥವಾ ನೀರು ಕದಡಿದರೆ, ದೋಣಿಗಳ ಚಿಂತೆ ಬಿಟ್ಟು, ಜನರನ್ನು ನೀರು ನುಗ್ಗುವ ದಾರಿಯಿಂದ ದೂರ ಕಳಿಸಿ. ಕೆಳಗಿನ ಮನೆಯವರಿಗೆ ಮೊದಲ ಫೋನ್, ಎಂಜಿನಿಯರ್‌ಗೆ ಎರಡನೆಯದು.

ಏರಿಯ ಹಿಂಬದಿ ಸೋರುತ್ತಿದೆ. ಒಬ್ಬ ಗುತ್ತಿಗೆದಾರರು ಸಿಮೆಂಟು ಮತ್ತು ಒಂದು ವಿಶೇಷ ಪುಡಿ ಬಳಿದು ಒಂದೇ ದಿನದಲ್ಲಿ ನಿಲ್ಲಿಸುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ?

ಆ ಮನುಷ್ಯನನ್ನು ಏರಿಯ ಹತ್ತಿರ ಬಿಡಬೇಡಿ. ಹೊರಬರುವ ಬಾಯಿ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಒಳಗೇ ಒತ್ತಡ ಹೆಚ್ಚಿ ಇನ್ನೊಂದು ಕಡೆ ಒಡೆಯುತ್ತದೆ. ಸರಿಯಾದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಒರತೆಯ ಮೇಲೆ ಮೊದಲು ತಕ್ಕ ಮರಳು, ಅದರ ಮೇಲೆ ಜಲ್ಲಿ. ನೀರು ಹೋಗಬೇಕು, ಮಣ್ಣು ಉಳಿಯಬೇಕು. ಬಳಿದು ದುಡ್ಡು ತೆಗೆದುಕೊಂಡು ಹೋಗುವವರಿಂದ ಕೆಟ್ಟ ಏರಿಗಳನ್ನು ನಾನು ಕಂಡಿದ್ದೇನೆ. ಈ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ.

ಮೂರೇ ಅಡಿ ಎತ್ತರದ ಹಳೆ ಒಡ್ಡು. ಅದರ ಮೇಲಿಂದ ಸಣ್ಣ ದೋಣಿ ಇಳಿಸಬಹುದಾ?

ಬೇಡ. ಒಡ್ಡಿನ ಬುಡದಲ್ಲಿ ಮೇಲ್ಮೈಯ ನೀರು ಹಿಂದಕ್ಕೆ ಸುತ್ತುತ್ತಿರುತ್ತದೆ, ಬಿದ್ದವರನ್ನು ಮತ್ತೆ ಮತ್ತೆ ಒಡ್ಡಿಗೇ ಎಳೆಯುತ್ತದೆ. ನೊರೆ ತುಂಬಿದ ನೀರಲ್ಲಿ ತೇಲುವುದೂ ಕಷ್ಟ. ಈಜು ಬಲ್ಲವರು, ಲೈಫ್ ಜಾಕೆಟ್ ಹಾಕಿದವರು, ಉಳಿಸಲು ಇಳಿದವರು ಎಲ್ಲರೂ ಸತ್ತಿದ್ದಾರೆ. ದೋಣಿ ಹೊತ್ತುಕೊಂಡು ದಡದ ಮೇಲೆ ನಡೆದು ದಾಟಿ.

ಡ್ರೋನ್ ವಿಡಿಯೋ ಕಳಿಸಿದರೆ ಸುರಕ್ಷಿತವಾ ಅಂತ ಹೇಳ್ತೀರಾ?

ಹೇಳುವುದಿಲ್ಲ.

ಕಲ್ಲಿನ ಕಟ್ಟೆಯಾದರೆ ಇದ್ಯಾವುದರ ಚಿಂತೆ ಇಲ್ಲ, ಅಲ್ವಾ?

ಇದೆ. ಗಾರೆ ತೊಳೆದುಹೋಗುತ್ತದೆ, ಬುಡದಡಿಯ ನೀರು ಕಟ್ಟೆಯನ್ನು ಮೇಲಕ್ಕೆ ಎತ್ತುತ್ತದೆ.

ಏರಿಯ ಕೆಳಗೆ ಒಳ್ಳೆ ಹುಲ್ಲು ಬಯಲಿದೆ. ಮಳೆಗಾಲದಲ್ಲಿ ರಾತ್ರಿ ಡೇರೆ ಹಾಕಬಹುದಾ?

ಕೆಲ್ಲಿ ಬಾರ್ನ್ಸ್ ಒಡೆದದ್ದು ರಾತ್ರಿ ಒಂದೂವರೆಗೆ. ಡೇರೆಯನ್ನು ಪಕ್ಕದ ದಿಣ್ಣೆ ಮೇಲೆ ಹಾಕಿ. ಮಳೆಗಾಲದಲ್ಲಿ ಅಷ್ಟೊಂದು ಹಸಿರಾಗಿ, ಕಾಲಿಟ್ಟರೆ ಪಚಪಚ ಅನ್ನುವ ಹುಲ್ಲು ಬೇಸಿಗೆಯಲ್ಲೂ ಹಾಗೇ ಇರುತ್ತದಾ? ಇದ್ದರೆ ಏರಿ ಸೋರುತ್ತಿರಬಹುದು, ಕೂಡಲೇ ನನಗೆ ಬರೆಯಿರಿ.