ಸಾಲು ಮುರಿದರೆ ಕವಿತೆಯಾಗುತ್ತದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹದಿನೈದು ವರ್ಷದ ನನ್ನ ಮಗಳು ಓದುವುದನ್ನೆಲ್ಲ ನಾನೂ ಓದಬೇಕೆಂದು ಹಟ ತೊಟ್ಟು, ಕಳೆದ ಕೆಲವು ತಿಂಗಳಲ್ಲಿ ಇಂಗ್ಲಿಷಿನ ಎಂಟು-ಹತ್ತು ‘ಯಂಗ್ ಅಡಲ್ಟ್’ ಕಾದಂಬರಿಗಳನ್ನು ಮುಗಿಸಿದೆ. ಅವುಗಳಲ್ಲಿ ಅರ್ಧದಷ್ಟು ಪದ್ಯರೂಪದಲ್ಲಿದ್ದವು. ಪುಟದ ಮುಕ್ಕಾಲು ಭಾಗ ಖಾಲಿ, ಉಳಿದ ಕಾಲು ಭಾಗದಲ್ಲಿ ಮೂರು ಮೂರು ಪದಗಳ ಸಾಲುಗಳು. ಕುತೂಹಲದಿಂದ ಒಂದು ಪುಟದ ಸಾಲುಗಳನ್ನು ಜೋಡಿಸಿ ಬರೆದು ನೋಡಿದರೆ ಸಾದಾ ಗದ್ಯವಾಯಿತು. ಹಾಗಿದ್ದ ಮೇಲೆ ಇದನ್ನು ಕಾವ್ಯವೆಂದು ಕರೆಯುವುದೇಕೆ? ಇಂಥ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸುವ ಮಗಳು ಆಧುನಿಕ ಕವಿತೆಯೊಂದನ್ನು ಕೈಗಿತ್ತರೆ ಅರ್ಥವಾಗುವುದಿಲ್ಲವೆಂದು ಬದಿಗಿಡುತ್ತಾಳೆ. ಇನ್ನೊಂದು ಮಾತು: ಈ ಕಾದಂಬರಿಗಳ ತುಂಬ ಸಾವು, ಹಿಂಸೆ, ಒಡೆದ ಮನೆಗಳೇ ಏಕೆ?

ಉತ್ತರ: ನೀವು ಮಾಡಿದ ಪರೀಕ್ಷೆ ಒಳ್ಳೆಯದೇ, ಆದರೆ ಅದು ಅರ್ಧ ಪರೀಕ್ಷೆ. ಅದನ್ನೇ ವಚನಗಳಿಗೆ ಒಡ್ಡಿ ನೋಡಿ. ತಾಳೆಗರಿಯ ಹಸ್ತಪ್ರತಿಗಳಲ್ಲಿ ಲಿಪಿಕಾರರು ಒಂದೇ ಸಮನೆ ಬರೆದುಕೊಂಡು ಹೋಗಿದ್ದಾರೆ. ಇಂದು ನಾವು ಪುಸ್ತಕದಲ್ಲಿ ಕಾಣುವ ಸಾಲುಗಳ ವಿಂಗಡಣೆ ಮುದ್ರಣದ ಕಾಲದ ಸಂಪಾದಕರು ಮಾಡಿದ್ದು. ಜೋಡಿಸಿ ಬರೆದರೂ ವಚನವು ಕಿವಿಗೆ ವಚನವಾಗಿಯೇ ಕೇಳಿಸುತ್ತದೆ, ಏಕೆಂದರೆ ಒಂದೇ ಅಚ್ಚಿನ ವಾಕ್ಯಗಳು ಮತ್ತೆ ಮತ್ತೆ ಬಂದು ಕೊನೆಗೆ ಅಂಕಿತದ ಮೇಲೆ ನಿಲ್ಲುವ ಬಗೆಯಲ್ಲಿಯೇ ಅದರ ಲಯವಿದೆ. ಇನ್ನೊಂದು ತುದಿಯಲ್ಲಿ, ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ 1923ರಲ್ಲಿ ಪ್ರಕಟಿಸಿದ, ಕೆಂಪು ಕೈಗಾಡಿಯನ್ನು ಕುರಿತ ಪುಟ್ಟ ಕವಿತೆಯಿದೆ. ಅದರಲ್ಲಿರುವುದು ಒಟ್ಟು 16 ಪದಗಳು, 8 ಸಾಲುಗಳು. ‘ವೀಲ್‌ಬ್ಯಾರೋ’ ಎಂಬ ಪದವನ್ನೇ ಎರಡಾಗಿ ಒಡೆದು, ಮೊದಲ ಅರ್ಧವನ್ನು ಒಂದು ಸಾಲಿನ ಕೊನೆಗೂ ಉಳಿದರ್ಧವನ್ನು ಮುಂದಿನ ಸಾಲಿಗೂ ಕವಿ ಹಾಕಿದ್ದಾನೆ. ಚಕ್ರವನ್ನು ಮೊದಲು ಕಂಡು, ಅರೆಗಳಿಗೆ ನಿಂತು, ಆಮೇಲೆ ಗಾಡಿಯನ್ನು ಕಾಣುವಂತೆ ಆ ಒಡಕು ನಮ್ಮನ್ನು ತಡೆಯುತ್ತದೆ. ಸಾಲುಗಳನ್ನು ಜೋಡಿಸಿದರೆ ಉಳಿಯುವುದು ಯಾರೂ ನೆನಪಿಡದ ಒಂದು ವಾಕ್ಯ. ನಿಮ್ಮ ಪರೀಕ್ಷೆಯಲ್ಲಿ ವಚನ ತೇರ್ಗಡೆಯಾಗುತ್ತದೆ, ಈ ಕವಿತೆ ನಪಾಸಾಗುತ್ತದೆ, ಎರಡೂ ಕವಿತೆಗಳೇ. ಆದ್ದರಿಂದ ಜೋಡಿಸಿದ ಮೇಲೆ ಗದ್ಯವಾಯಿತೇ ಎಂದು ಕೇಳುವುದಕ್ಕಿಂತ, ಜೋಡಿಸಿದಾಗ ಕಳೆದುಹೋದದ್ದೇನು ಎಂದು ಕೇಳುವುದು ಹೆಚ್ಚು ಉಪಯುಕ್ತ. ಏನೂ ಕಳೆಯದಿದ್ದರೆ ನಿಮ್ಮ ಅನುಮಾನವೇ ಸರಿ.

ಹದಿಹರೆಯದವರಿಗಾಗಿ ಬರೆದ ಒಳ್ಳೆಯ ಪದ್ಯಕಾದಂಬರಿಗಳಲ್ಲಿ ಕಳೆಯುವುದು ಬಹಳವಿದೆ. ಎಲಿಜಬೆತ್ ಅಸೆವೆಡೊ ಅವರ ‘ದಿ ಪೊಯೆಟ್ ಎಕ್ಸ್’ 2018ರಲ್ಲಿ ಪ್ರಕಟವಾಗಿ, ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಕಟ್ಟುನಿಟ್ಟಿನ ದೈವಭಕ್ತೆಯಾದ ತಾಯಿಯ ಕಣ್ಣು ತಪ್ಪಿಸಿ ನೋಟ್‌ಬುಕ್ಕಿನಲ್ಲಿ ಕವಿತೆ ಬರೆಯುವ ಹಾರ್ಲೆಮ್‌ನ ಹುಡುಗಿಯೊಬ್ಬಳು ಅದರ ನಾಯಕಿ. ಶಾಲೆಯಲ್ಲಿ ಕೊಟ್ಟ ಪ್ರಬಂಧಗಳಿಗೆ ಅವಳು ಮೊದಲು ಕರಡು ಬರೆಯುತ್ತಾಳೆ, ಅದು ಮನಸ್ಸಿನ ಮಾತು ಮತ್ತು ಅದು ಪದ್ಯದಲ್ಲಿರುತ್ತದೆ. ಆಮೇಲೆ ಶಿಕ್ಷಕಿಗೆ ಒಪ್ಪಿಸುವ ಪ್ರತಿ ಬರುತ್ತದೆ, ಅದು ಅಚ್ಚುಕಟ್ಟಾದ, ಯಾರಿಗೂ ನೋವಾಗದ ಗದ್ಯದಲ್ಲಿರುತ್ತದೆ. ಪದ್ಯವನ್ನು ಗದ್ಯ ಮಾಡಿದರೆ ಏನಾಗುತ್ತದೆಂಬ ನಿಮ್ಮ ಪ್ರಯೋಗವನ್ನು ಲೇಖಕಿ ಕಾದಂಬರಿಯ ಒಳಗೇ ನಡೆಸಿದ್ದಾರೆ ಎನ್ನಬಹುದು. ಎರಡು ಪ್ರತಿಗಳ ನಡುವೆ ಕಾಣೆಯಾದ ಮಾತೇ ಆ ಹುಡುಗಿಯ ಕಥೆ.

ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ (2017) ಇನ್ನೂ ಬಿಗಿಯಾದ ಕೃತಿ. ಅಣ್ಣನನ್ನು ಗುಂಡಿಟ್ಟು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಹದಿನೈದರ ಹುಡುಗ ಪಿಸ್ತೂಲಿನೊಂದಿಗೆ ಲಿಫ್ಟ್ ಹತ್ತುತ್ತಾನೆ. ಅದು ಕೆಳಗಿಳಿಯುವ ಸುಮಾರು ಒಂದು ನಿಮಿಷದಲ್ಲೇ ಕಾದಂಬರಿಯ ಮುಖ್ಯ ಭಾಗವೆಲ್ಲ ನಡೆಯುತ್ತದೆ. ಮಹಡಿ ಮಹಡಿಗೂ ಲಿಫ್ಟ್ ನಿಂತು, ಅವನ ಬದುಕಿಗೆ ಸಂಬಂಧಿಸಿದ, ಸತ್ತುಹೋದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಒಂದು ನಿಮಿಷವನ್ನು ಇಡೀ ಪುಸ್ತಕದಷ್ಟು ಹಿಗ್ಗಿಸಬೇಕಾದಾಗ ನೀವು ದೂರುವ ಆ ಖಾಲಿ ಜಾಗವೇ ಕಾಲವಾಗಿ ಕೆಲಸ ಮಾಡುತ್ತದೆ. ತುಂಬಿದ ಪ್ಯಾರಾಗಳಲ್ಲಿ ಬರೆದಿದ್ದರೆ ಓದುಗನ ಕಣ್ಣು ಲಿಫ್ಟಿಗಿಂತ ಬೇಗ ಕೆಳಗೆ ಓಡುತ್ತಿತ್ತು. ಹಾಗೆಂದು ಈ ಪುಸ್ತಕಗಳ ಪ್ರತಿ ಪುಟವೂ ಬಿಡಿಗವಿತೆಯಾಗಿ ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಕಥೆಯನ್ನು ಮುಂದಕ್ಕೆ ದಾಟಿಸುವುದಕ್ಕಷ್ಟೇ ಇರುವ, ಕವಿತೆಯ ವೇಷ ತೊಟ್ಟ ಪುಟಗಳು ಅಸೆವೆಡೊ ಅವರಲ್ಲೂ ಇವೆ.

ಅನುಕರಣೆ ಸುಲಭವಾಗಿರುವುದೇ ಈ ಪ್ರಕಾರದ ತೊಡಕು. ರಷ್ಯಾದ ಕವಿ ಪುಷ್ಕಿನ್ ‘ಯೆವ್ಗೆನಿ ಒನ್ಯೇಗಿನ್’ ಕೃತಿಯನ್ನು ಪ್ರಾಸಬದ್ಧವಾದ 14 ಸಾಲಿನ ಪದ್ಯಗಳಲ್ಲಿ ಕಟ್ಟಿದ. ಅದರಿಂದ ಪ್ರೇರಣೆ ಪಡೆದ ವಿಕ್ರಮ್ ಸೇಠ್ 1986ರ ‘ದಿ ಗೋಲ್ಡನ್ ಗೇಟ್’ನಲ್ಲಿ 590 ಸಾನೆಟ್‌ಗಳನ್ನು ಹೆಣೆದರು. ಅಂಥ ಕಟ್ಟನ್ನು ಕೈಬಿಟ್ಟ ಮೇಲೆ ಸಾಲು ಎಲ್ಲಿ ನಿಲ್ಲಬೇಕೆಂದು ಹೇಳಲು ಬರೆಯುವವರ ಕಿವಿಯೊಂದೇ ಉಳಿಯುತ್ತದೆ. ಅಡಿಗರು ‘ಭೂಮಿಗೀತ’ಕ್ಕೆ (1959) ಬರುವ ಹೊತ್ತಿಗೆ ಹಳೆಯ ಛಂದಸ್ಸನ್ನು ಪಳಗಿಸಿಕೊಂಡು, ಆಮೇಲೆ ಅದನ್ನು ಮುರಿದಿದ್ದರು, ಆದ್ದರಿಂದ ಅವರ ಸಾಲು ಎಲ್ಲಿ ತುಂಡಾದರೂ ಒಳಗಿನ ಮಾತ್ರೆಗಳ ನಡಿಗೆ ತಪ್ಪುವುದಿಲ್ಲ. ಇದಕ್ಕೆ ಹೋಲಿಸಿದರೆ, 2014ರಲ್ಲಿ ತಾವೇ ಪ್ರಕಟಿಸಿದ ಸಂಕಲನದಿಂದ ಜಗತ್ತಿನಾದ್ಯಂತ ಓದುಗರನ್ನು ಪಡೆದ ರೂಪಿ ಕೌರ್ ಅವರ ಕವಿತೆಗಳಲ್ಲಿ ದೊಡ್ಡಕ್ಷರಗಳನ್ನು ಬಿಟ್ಟು ಪೂರ್ಣವಿರಾಮವನ್ನಷ್ಟೇ ಬಳಸುವುದಕ್ಕೆ ದೊಡ್ಡಕ್ಷರಗಳೇ ಇಲ್ಲದ, ಪಂಜಾಬಿಯ ಗುರುಮುಖಿ ಲಿಪಿಯ ನೆನಪೆಂಬ ಕಾರಣವಿದೆ, ಆದರೆ ಸಾಲು ಅಲ್ಲಿಯೇ ಮುರಿದದ್ದಕ್ಕೆ ಕಾರಣ ಅನೇಕ ಕಡೆ ನನಗೆ ಕಂಡಿಲ್ಲ. ನಿಮ್ಮ ಮಗಳು ಇದನ್ನು ಒಪ್ಪದಿರಬಹುದು. ಒಪ್ಪದಿದ್ದರೆ ಅವಳ ವಾದವನ್ನು ಕೇಳಿ.

ಸಾವು ಮತ್ತು ಹಿಂಸೆಯ ಮಾತು ಹೊಸದಲ್ಲ. ‘ಯಂಗ್ ಅಡಲ್ಟ್’ ಪ್ರಕಾರದ ಆರಂಭದ ಗುರುತಾಗಿ ಹಲವರು ಹೆಸರಿಸುವ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಬಂದಾಗಲೂ ಅದರಲ್ಲಿ ಚಾಕು, ಬೆಂಕಿ, ಗೆಳೆಯರ ಸಾವು ಎಲ್ಲವೂ ಇದ್ದವು, ಮತ್ತು ಅದನ್ನು ಬರೆಯತೊಡಗಿದಾಗ ಎಸ್. ಇ. ಹಿಂಟನ್ ಅವರಿಗೆ ನಿಮ್ಮ ಮಗಳ ವಯಸ್ಸೇ ಆಗಿತ್ತು. ಕತ್ತಲನ್ನು ಮಕ್ಕಳ ತಲೆಯಲ್ಲಿ ಹಿರಿಯರು ತುಂಬುತ್ತಿದ್ದಾರೆಂಬ ಆಕ್ಷೇಪಕ್ಕೆ ಆ ಒಂದು ಪುಸ್ತಕವೇ ಸಾಕಷ್ಟು ಉತ್ತರ.

ಒಂದೇ ರಾತ್ರಿಯಲ್ಲಿ ಮುಗಿಯುವ ಪುಸ್ತಕಕ್ಕೂ ಬದಿಗಿಡುವ ಕವಿತೆಗೂ ಇರುವ ವ್ಯತ್ಯಾಸವನ್ನು ಕಷ್ಟ-ಸುಲಭಗಳ ಲೆಕ್ಕದಲ್ಲಿ ನೋಡಬೇಡಿ. ಕಾದಂಬರಿಯಲ್ಲಿ ‘ಮುಂದೇನು’ ಎಂಬ ಎಳೆತ ಅರ್ಥವಾಗದ ಸಾಲನ್ನೂ ದಾಟಿಸಿಬಿಡುತ್ತದೆ. ಬಿಡಿಗವಿತೆಯಲ್ಲಿ ಮುಂದೇನೂ ಇಲ್ಲ, ಮೊದಲ ಸಾಲಿಗೆ ಮರಳುವುದಷ್ಟೇ ದಾರಿ. ಅವಳಿಗೆ ಹೊಸ ಕವಿತೆಯನ್ನು ಕೊಡುವ ಮೊದಲು, ಅವಳೇ ಓದಿ ಮುಗಿಸಿದ ಪದ್ಯಕಾದಂಬರಿಯಿಂದ ಕಥೆ ಗೊತ್ತಿಲ್ಲದವರಿಗೂ ತಟ್ಟುವಂಥ ಒಂದು ಪುಟವನ್ನು ಆರಿಸಿ ನಿಮಗೆ ಗಟ್ಟಿಯಾಗಿ ಓದಿ ಹೇಳುವಂತೆ ಕೇಳಿ. ಸಾಲಿನ ಕೊನೆಯಲ್ಲಿ ಅವಳ ದನಿ ಎಲ್ಲಿ ತಾನಾಗಿ ನಿಲ್ಲುತ್ತದೆ, ಎಲ್ಲಿ ನಿಲ್ಲದೆ ಹಾದುಹೋಗುತ್ತದೆ ಎಂಬುದನ್ನು ಗಮನಿಸಿದರೆ, ಕಾಗದದ ಮೇಲೆ ಜೋಡಿಸಿ ನೋಡಿದ್ದಕ್ಕಿಂತ ಹೆಚ್ಚು ನಿಮಗೆ ತಿಳಿದೀತು.

ಪ್ರಶ್ನೆ (ಇನ್ನೊಬ್ಬ ಓದುಗರಿಂದ): ಇಂಥ ಪದ್ಯಕಾದಂಬರಿಗಳನ್ನು ಕನ್ನಡಕ್ಕೆ ತರುವಾಗ ಮೂಲದ ಸಾಲುಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಲು ಹೋದರೆ ಕೆಡುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುವುದರಿಂದ, ಸಾಲು ಅಲ್ಲಿ ಮುರಿದರೆ ಓದುಗನು ವಸ್ತುವಿಗಾಗಿ ಕಾಯುತ್ತಾನೆ. ಕನ್ನಡದಲ್ಲಿ ‘ಅವನು ಪಿಸ್ತೂಲನ್ನು’ ಎಂದು ಸಾಲು ನಿಲ್ಲಿಸಿದರೆ, ಎತ್ತಿದನೋ ಕೆಳಗಿಟ್ಟನೋ ಎಂಬುದೇ ಮುಂದಿನ ಸಾಲಿಗೆ ಉಳಿಯುತ್ತದೆ. ರೆನಾಲ್ಡ್ಸ್ ಅವರ ಕಥೆಗಂತೂ ಇದು ಲಾಭವೇ. ಅವರ ಹುಡುಗನಿಗೆ ಒಂದು ಪದದ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಮಾಡುವ ಹವ್ಯಾಸವೂ ಇದೆ. ಅದನ್ನು ಅನುವಾದಿಸಲು ಸಾಧ್ಯವೇ ಇಲ್ಲ, ಹೊಸದಾಗಿಯೇ ಹುಡುಕಬೇಕು. ಕನ್ನಡದಲ್ಲಿ ಹುಡುಕುವವರಿಗೆ ‘ನದಿ’ಯನ್ನು ತಿರುಗಿಸಿದರೆ ‘ದಿನ’ ಸಿಗುತ್ತದೆ, ‘ವನ’ವನ್ನು ತಿರುಗಿಸಿದರೆ ‘ನವ’.